ಅಂಚಿನ ಕೈ

ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಹುಟ್ಟಿದವರಿಗೆ ಒಂದು ಕಿವಿ ಹೆಚ್ಚು. ಯಾರ ಮನೆಯ ಮಗ್ಗ ನಡೆಯುತ್ತಿದೆ, ಯಾರದು ನಿಂತಿದೆ, ಯಾರ ಕೈ ಇವತ್ತು ಸೋತಿದೆ ಎಂದು ಕೂತಲ್ಲಿಂದಲೇ ಹೇಳುತ್ತಾರೆ. ಒಂದೇ ಬಣ್ಣದ ಸೀರೆಯ ಮಗ್ಗ ಬಡಬಡನೆ ಬಡಿದುಕೊಳ್ಳುತ್ತದೆ. ಅಂಚಿನ ಸೀರೆಯ ಮಗ್ಗಕ್ಕೆ ಆ ಅವಸರವಿಲ್ಲ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಅದು ಚೂರು ಉಸಿರು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಮಗ್ಗದ ಬಲಗಡೆ ಕೂತ ಹೆಂಗಸು ಅಂಚಿನ ಲಾಳಿಯನ್ನು ಎಸೆಯುತ್ತಾಳೆ.

ಸೀರೆಯ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಮಗ್ಗದ ಕೆಳಗೆ ತೋಡಿದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ಗಂಡಸು ಒಡಲಿನ ಲಾಳಿಯನ್ನೂ ಎಡ ಅಂಚಿನ ಲಾಳಿಯನ್ನೂ ನೋಡಿಕೊಳ್ಳುತ್ತಾನೆ. ಬಲ ಅಂಚು ಅವನ ಕೈಗೆ ಎಟುಕುವುದಿಲ್ಲ. ಅಲ್ಲಿಗೆ ಒಬ್ಬಳು ಬೇಕು. ಅವಳ ದಾರ ಅವನ ದಾರವನ್ನು ಹಿಡಿದುಕೊಂಡು ತಿರುಗಬೇಕು. ಅವಳು ಬಿಗಿಯಾಗಿ ಎಳೆದರೆ ಅಂಚು ಸುಕ್ಕಾಗುತ್ತದೆ, ಸಡಿಲ ಬಿಟ್ಟರೆ ಜೋಲುತ್ತದೆ. ಅವನ ಕೈಯ ಬಿಗಿ ಎಷ್ಟೋ ಅವಳ ಕೈಯದೂ ಅಷ್ಟೇ ಇರಬೇಕು. ಹೀಗೆ ಇಬ್ಬರು ನೇಯ್ದ ಸೀರೆಯನ್ನು ಬೀದಿಯವರು ಬೆಳಕಿಗೆ ಹಿಡಿದು ನೋಡಿ, "ಇದು ವೆಂಕಟಪ್ಪನ ಕೈ" ಅನ್ನುತ್ತಿದ್ದರು.

ವೆಂಕಟಪ್ಪನ ಮಗ್ಗದ ಬಲಗಡೆ ಕೂರುತ್ತಿದ್ದವಳು ಅವನ ಅತ್ತಿಗೆ ಓಬಳಮ್ಮ.

ಊರಲ್ಲಿ ಇಲಿ ಬಿದ್ದು ಜನ ಗುಡ್ಡದ ಬಳಿ ಗುಡಿಸಲು ಹಾಕಿಕೊಂಡಿದ್ದ ವರ್ಷ ಅವಳ ಗಂಡ ಬೊಮ್ಮಣ್ಣ ಪ್ಲೇಗಿಗೆ ತೀರಿಕೊಂಡ. ಮಕ್ಕಳಿರಲಿಲ್ಲ. ಜನ ಬೀದಿಗೆ ಮರಳಿದಾಗ ಮೈದುನ ವೆಂಕಟಪ್ಪ, "ವದಿನಾ, ನಮ್ಮನೇಲೇ ಇರು. ನೀನೇನು ನಮಗೆ ಭಾರನಾ?" ಎಂದ. ಮನೆಯಲ್ಲಿ ಅವರು ತೆಲುಗು ಆಡುವವರು. ವದಿನ ಅಂದರೆ ಅತ್ತಿಗೆ, ತಾಯಿಗೆ ಸಮ ಎಂಬ ಮಾತು. ತಾಯಿಗೆ ಸಮನಾದವಳು ಕೋಳಿ ಕೂಗುವ ಮೊದಲು ಏಳುತ್ತಿದ್ದಳು. ಕಸ, ನೀರು, ಮುಸುರೆ, ಹಿಟ್ಟು ಬೀಸುವುದು, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವುದು, ಆಮೇಲೆ ಮಗ್ಗದ ಬಲಗಡೆ. ವೆಂಕಟಪ್ಪನ ಹೆಂಡತಿ ತಿಪ್ಪಮ್ಮ ಅಡಿಗೆ ಮತ್ತು ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಓರಗಿತ್ತಿಯರಿಬ್ಬರೂ ಜಗಳವಾಡಿದವರಲ್ಲ. ಕೂತು ಮಾತಾಡಿದವರೂ ಅಲ್ಲ. ಒಬ್ಬಳು ಹಿತ್ತಲಲ್ಲಿದ್ದಾಗ ಇನ್ನೊಬ್ಬಳು ಒಲೆಯ ಮುಂದೆ.

ಓಬಳಮ್ಮನ ಅಂಚಿನ ಕೈ ಎಷ್ಟು ಹದ ಬಂದಿತ್ತೆಂದರೆ, ವೆಂಕಟಪ್ಪನ ಉಸಿರು ಕೇಳಿಯೇ ಅವನ ಲಾಳಿ ಯಾವಾಗ ಬರುತ್ತದೆಂದು ತಿಳಿಯುತ್ತಿತ್ತು. ಒಂದು ದಿನ ಬೂದಿಯಲ್ಲಿ ಪಾತ್ರೆ ತಿಕ್ಕಿ ಒಡೆದಿದ್ದ ಅವಳ ಬೆರಳಿಗೆ ರೇಷ್ಮೆ ಸಿಕ್ಕಿಕೊಂಡು ಎಳೆ ಹರಿಯಿತು. ಧಾರೆ ಸೀರೆ. ವೆಂಕಟಪ್ಪ ಲಾಳಿ ಬಿಸುಟ.

"ರಾತ್ರಿ ಕೈಗೆ ಹರಳೆಣ್ಣೆ ಹಚ್ಕೋ ಅಂತ ಎಷ್ಟು ಸಲ ಹೇಳೋದು ವದಿನಾ?"

"ಹಚ್ಕೊಂಡಿದ್ದೆ. ಬೆಳಗ್ಗೆ ಎದ್ದು ಮುಸುರೆ ತಿಕ್ಕಿದ್ನಲ್ಲಪ್ಪಾ."

"ಮುಸುರೆ ಯಾರು ತಿಕ್ಕಲ್ಲ? ಊರಾಗೆಲ್ಲ ತಿಕ್ತಾರೆ. ಎರಡು ಹೊತ್ತು ಉಣ್ತೀಯ, ಕೈ ಸರಿಯಾಗಿ ಇಟ್ಕೋ. ಅಷ್ಟೇ ತಾನೇ ನಾನು ಕೇಳೋದು?"

ಅವಳು ಹರಿದ ಎಳೆಯನ್ನು ಸೇರಿಸಿದಳು. ಸೀರೆ ಮುಗಿಸಿದಳು. ಮಗ್ಗದಿಂದ ಇಳಿಸಿದ ದಿನ ತನ್ನ ಎರಡು ಸೀರೆ, ಒಂದು ತಂಬಿಗೆ, ಗಂಡನ ಲಾಳಿ ಗಂಟು ಕಟ್ಟಿಕೊಂಡು ಬೀದಿಯ ಕೊನೆಗೆ ನಡೆದಳು. ಅಲ್ಲಿ ಬೊಮ್ಮಣ್ಣ ಬದುಕಿದ್ದಾಗ ಇದ್ದ ಒಂದಂಕಣದ ಮನೆ ಬೀಗ ಹಾಕಿ ಬಿದ್ದಿತ್ತು. ಬಾಗಿಲು ತೆಗೆದಾಗ ಅವನ ಮಗ್ಗದ ಗುಂಡಿಯ ತುಂಬ ಮಣ್ಣು, ಹೆಗ್ಗಣದ ಬಿಲ. ಅವಳು ಮಣ್ಣು ಎತ್ತಿ ಹಾಕಿ, ಸಗಣಿ ಸಾರಿಸಿ, ಗುಂಡಿಗೆ ಇಳಿದು ಕೂತಳು.

ಗುಂಡಿಗೆ ಹೆಂಗಸು ಇಳಿಯುವುದು ಆ ಬೀದಿಯಲ್ಲಿ ಇರಲಿಲ್ಲ. ಅದರಲ್ಲೂ ಗಂಡ ಸತ್ತವಳು. ಕುಲದ ಯಜಮಾನರು ಗುಡಿಯ ಕಟ್ಟೆಯ ಮೇಲೆ ಸೇರಿ, ಮುಂಡೆ ನೇಯ್ದ ಸೀರೆ ಉಟ್ಟು ಯಾವ ಮದುಮಗಳು ಬಾಳಿಯಾಳು ಎಂದರು. ಓಬಳಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ವೆಂಕಟಪ್ಪನ ಮಗ್ಗದಲ್ಲಿ ಅವಳು ಅಂಚು ಎಸೆದ ಧಾರೆ ಸೀರೆಗಳು ಚಳ್ಳಕೆರೆಯಿಂದ ರಾಯದುರ್ಗದವರೆಗೆ ಎಷ್ಟೋ ಮದುವೆಗಳಿಗೆ ಹೋಗಿದ್ದವು. ಆಗ ಯಾರೂ ಏನೂ ಅಂದಿರಲಿಲ್ಲ. ಅಂಚಿನಲ್ಲಿ ಕೂತರೆ ಶಕುನ ಕೆಡುವುದಿಲ್ಲ, ಗುಂಡಿಗೆ ಇಳಿದರೆ ಕೆಡುತ್ತದೆ.

"ಆಯ್ತು, ಅವಳ ಪಾಡು ಅವಳಿಗೆ," ಎಂದರು ಯಜಮಾನರು. "ಅವಳ ಹಾಸು ಹಿಡಿಯೋಕೆ ಯಾರೂ ಹೋಗಬೇಡಿ. ಕೆಂಡ ಕೊಡಬೇಡಿ."

ಹಾಸು ಎಂದರೆ ಮಗ್ಗಕ್ಕೆ ಏರಿಸುವ ಉದ್ದೆಳೆ. ಅದನ್ನು ಬೆಳಗಿನ ತಂಪಿನಲ್ಲಿ ಬೀದಿಯುದ್ದಕ್ಕೆ ಚಾಚಿ, ಎಳೆ ಎಳೆ ಬಿಡಿಸಿ, ಸುತ್ತಿಕೊಳ್ಳಬೇಕು. ಎರಡು ತುದಿಗೆ ಇಬ್ಬರು, ನಡುವೆ ನಾಲ್ಕಾರು ಜನ. ಈ ಮನೆಯ ಹಾಸು ಹಿಡಿಯಲು ಆ ಮನೆಯವರು, ಆ ಮನೆಯದು ಹಿಡಿಯಲು ಈ ಮನೆಯವರು. ಓಬಳಮ್ಮ ಒಂದು ತುದಿಯನ್ನು ಬೇವಿನ ಮರಕ್ಕೆ ಕಟ್ಟಿ, ಇನ್ನೊಂದನ್ನು ತಾನು ಹಿಡಿದು, ನಡುವೆ ಸಿಕ್ಕು ಬಿದ್ದಾಗ ಕೈಯಲ್ಲಿದ್ದುದನ್ನು ಕಲ್ಲಿಗೆ ಬಿಗಿದು ಓಡುತ್ತಿದ್ದಳು. ಬೀದಿಯ ಹೆಂಗಸರು ಕೊಡ ಹೊತ್ತು ಹಾಸಿನ ಪಕ್ಕದಲ್ಲೇ ಹೋಗುತ್ತಿದ್ದರು, ಎಳೆಗೆ ಸೆರಗು ತಾಗದಂತೆ ಜೋಪಾನವಾಗಿ. ಅಷ್ಟು ಜೋಪಾನ ಮಾಡುವವರು ಒಂದು ಕೈ ಹಾಕುತ್ತಿರಲಿಲ್ಲ.

ಆದರೂ ಮೊದಲ ಕೆಲವು ತಿಂಗಳು ಅವಳಿಗೆ ಹಬ್ಬದಂತೆ ಇತ್ತು. ತನ್ನೊಬ್ಬಳ ಮುದ್ದೆ, ತನ್ನೊಬ್ಬಳ ತಟ್ಟೆ. ಹಸಿವಾದಾಗ ಉಣ್ಣುವುದು ಎಂದರೇನೆಂದು ಅವಳಿಗೆ ಆಗ ತಿಳಿಯಿತು. ಅಂಚಿಲ್ಲದ ಒಂದೇ ಬಣ್ಣದ ಸೀರೆ ನೇಯ್ದು ಚಳ್ಳಕೆರೆಯ ಸಾವ್ಕಾರ ಜಂಬುಲಿಂಗಪ್ಪನಿಗೆ ಹಾಕುತ್ತಿದ್ದಳು. ಜನ ಯಾಕೆ ಬೇಕು ಎಂದುಕೊಂಡಳು. ಜನ ಅಂದರೆ ಮುಸುರೆ.

ಅವಳ ಬಾಗಿಲಿಗೆ ಬರುತ್ತಿದ್ದವಳು ಸೂರಮ್ಮ ಒಬ್ಬಳೇ. ಕೊಂಡ್ಲಹಳ್ಳಿಯ ಬೇಸಾಯದವಳು, ಸಂತೆಯ ದಿನ ಸೌದೆ ಹೊರೆ ತಂದು ಮಾರುತ್ತಿದ್ದಳು. ಈ ಬೀದಿಯ ಕುಲದ ಕಟ್ಟಳೆ ಅವಳಿಗೆ ಅಂಟುವಂತಿರಲಿಲ್ಲ. ಹೊರೆ ಇಳಿಸಿ ಜಗಲಿಯ ಮೇಲೆ ಕೂತರೆ ಅವಳ ಬಾಯಿ ನಿಲ್ಲುತ್ತಿರಲಿಲ್ಲ.

"ಏನಕ್ಕಾ, ಒಬ್ಬಳೇ ಇದ್ದೂ ಇದ್ದೂ ಮಾತು ಮರ್ತೋಯ್ತಾ? ನಮ್ಮ ಎಮ್ಮೆನಾದ್ರೂ ನಾನು ಹೋದ್ರೆ ಒಂದು ಕಿತ ಅಂಬಾ ಅಂತೈತೆ."

"ಮಾತಾಡಿದ್ರೆ ಎಳೆ ತಪ್ತದೆ."

"ತಪ್ಲಿ ಬಿಡು. ಎಳೆಯೇನು ನಿನ್ನ ಮಗನಾ?"

ಓಬಳಮ್ಮನಿಗೆ ನಗು ಬಂತು. ನಕ್ಕಾಗ ಗಂಟಲಿನಿಂದ ಗೊರಗೊರ ಸದ್ದು ಬಂತು, ಬಹಳ ದಿನ ಸೇದದ ಬಾವಿಯ ರಾಟೆಯ ಹಾಗೆ. ಅವಳಿಗೆ ಒಂದು ಥರ ಭಯವಾಯಿತು.

ಸಂಕಟ ಶುರುವಾದದ್ದು ಲಗ್ನಗಳ ಕಾಲ ಹತ್ತಿರ ಬಂದಾಗ. ಜಂಬುಲಿಂಗಪ್ಪ ಎತ್ತಿನ ಗಾಡಿ ಬೀದಿಯ ಕೊನೆಗೆ ನಿಲ್ಲಿಸಿ, ಜಗಲಿಯ ಮೇಲೆ ಕೂತು, ಅವಳ ಸೀರೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದ. ಕಣ್ಣಿಗಿಂತ ಅವನ ಹೆಬ್ಬೆರಳು ಚುರುಕು.

"ಕೈ ಚೆನ್ನಾಗೈತೆ ಓಬಳಮ್ಮ. ಆದ್ರೆ ಒಂದೇ ಬಣ್ಣದ್ದು ಸಾಕು. ಇನ್ನು ಅಂಚಿನ ಸೀರೆ ಕೊಡು. ಲಗ್ನಕ್ಕೆ ಬೇರೆ ಯಾವುದೂ ಯಾರೂ ಕೇಳಲ್ಲ."

"ನಾನು ನೇಯ್ದಿದ್ದು ಲಗ್ನಕ್ಕೆ ಆಗಲ್ಲ ಅಂತಾರಲ್ಲ ಸಾವ್ಕಾರ್ರೆ?"

"ಮಡಿಸಿ ಪೆಟ್ಟಿಗೆಗೆ ಹಾಕಿದ ಮೇಲೆ, ನೇಯ್ದವಳಿಗೆ ಗಂಡ ಅವನೋ ಇಲ್ವೋ ಅಂತ ಸೀರೆನ ಯಾರು ಕೇಳ್ತಾರೆ?" ಅವನು ಹಸಿರು ರೇಷ್ಮೆಯನ್ನೂ ಕೆಂಪು ರೇಷ್ಮೆಯನ್ನೂ ಜಗಲಿಯ ಮೇಲಿಟ್ಟ. "ಹಸಿರು ಒಡಲು, ಕೆಂಪು ಅಂಚು. ಲಗ್ನ ಮುಗಿಯೋದರೊಳಗೆ ಕೊಡು. ಆಗಲ್ಲ ಅಂದ್ರೆ ಈಗಲೇ ಹೇಳು, ನೂಲು ಬೇರೆ ಮನೆಗೆ ಹಾಕ್ತೀನಿ. ಇನ್ಮೇಲೆ ನಿನ್ನ ಬಾಗಿಲಿಗೆ ಗಾಡಿ ನಿಲ್ಲಲ್ಲ."

ಗಾಡಿ ನಿಲ್ಲದಿದ್ದರೆ ನೂಲಿಲ್ಲ. ನೂಲಿಲ್ಲದಿದ್ದರೆ ಗುಂಡಿ ಬರೀ ಹಳ್ಳ. ಮತ್ತೆ ಗಂಟು ಕಟ್ಟಿಕೊಂಡು ಮೈದುನನ ಹಿತ್ತಲಿಗೆ ಹೋಗಬೇಕು. ಓಬಳಮ್ಮ ರೇಷ್ಮೆ ಎತ್ತಿ ಒಳಗಿಟ್ಟಳು.

ಈ ಸಲ ಹಾಸಿನ ಇನ್ನೊಂದು ತುದಿ ಹಿಡಿದವಳು ಸೂರಮ್ಮ. "ಸುಮ್ನೆ ಅಲ್ಲ ಮತ್ತೆ," ಎಂದಳು. "ನಮ್ಮ ಹೊಲದಾಗೆ ನವಣೆ ಕೊಯ್ಲಿಗೆ ನೀನು ಬರ್ಬೇಕು. ಮುಯ್ಯಾಳು. ನಿನಗೆ ನಾನು, ನನಗೆ ನೀನು. ಇದ್ರಾಗೆ ಉಪಕಾರ ಇಲ್ಲ, ಋಣ ಇಲ್ಲ."

"ಮನೆಯೊಳಗೂ ಹಂಗೇ ಮಾಡ್ತೀರಾ?"

"ಮನೆಯೊಳಗೆಲ್ಲಿ ಮುಯ್ಯಿ?" ಸೂರಮ್ಮ ಹಾಸಿನ ಆ ತುದಿಯಿಂದ ಕೂಗಿದಳು. "ನಾನು ಹಿಟ್ಟು ಬೀಸಿದ್ರೆ ನನ್ನ ಗಂಡ ಬಂದು ಒಂದಿನ ಬೀಸ್ತಾನಾ? ಮುಯ್ಯಿ ಹೊರಗಿನೋರಿಗೆ ಕಣಕ್ಕಾ. ಮನೆಯೋರಿಗೆ ಬರೀ ಮೈ ಸವೆಸೋದು."

ಹಾಸು ಮಗ್ಗಕ್ಕೇರಿತು. ಬಲ ಅಂಚು ಎಸೆಯುವವರು ಯಾರು? ಓಬಳಮ್ಮ ಒಬ್ಬಳೇ ಮಾಡಿ ನೋಡಿದಳು. ಗುಂಡಿಯಿಂದ ಲಾಳಿ ಎಸೆದು, ಮೇಲೆ ಹತ್ತಿ, ಬಲಕ್ಕೆ ಓಡಿ, ಅಂಚಿನ ಲಾಳಿ ತೂರಿಸಿ, ಮತ್ತೆ ಇಳಿದು ಬಡಿದಳು. ದಿನವೆಲ್ಲ ಹೀಗೆ ಹತ್ತಿ ಇಳಿದು, ಮಂಡಿ ಊದಿಕೊಂಡು, ಸಂಜೆಗೆ ನೋಡಿದರೆ ಬೆರಳು ಅಗಲದಷ್ಟು ಬಟ್ಟೆ. ಆ ಅಷ್ಟೂ ಸುಕ್ಕು. ಓಡಿಬಂದ ಕೈ ಒಂದು ಬಿಗಿ, ಕೂತ ಕೈ ಒಂದು ಬಿಗಿ. ಒಂದೇ ಮೈಯ ಎರಡು ಕೈಗಳು ಒಂದಕ್ಕೊಂದು ಹೊಂದಲಿಲ್ಲ.

ಸಂತೆಯ ದಿನ ಸೂರಮ್ಮ ಅಂಚಿಗೆ ಕೂತಳು. ಕೊಡಲಿ ಹಿಡಿದ ಕೈ ಅದು. ಲಾಳಿ ಮುಟ್ಟುವುದಕ್ಕೆ ಮೊದಲೇ ರೇಷ್ಮೆ ಅಂಗೈಗೆ ಹತ್ತಿಕೊಂಡಿತು. ಬಿಡಿಸಿದರೆ ಬೆರಳಿಗೆ, ಬೆರಳಿಂದ ಬಿಡಿಸಿದರೆ ಬಳೆಗೆ.

"ಅಯ್ಯಯ್ಯೋ, ಇದೇನು ಮುಳ್ಳಂದಿಗೆ ಜೇಡರ ಬಲೆ ಸಿಕ್ಕಂಗಾಯ್ತಲ್ಲ!" ಎಂದು ಎರಡೂ ಕೈ ಮೇಲೆತ್ತಿ ಕೂತಳು. ಇಬ್ಬರೂ ನಕ್ಕರು. ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತ ಸೂರಮ್ಮನೇ ಹೇಳಿದಳು: "ನನ್ನ ಕೈಲಾಗಲ್ಲ. ಇದನ್ನ ಬಲ್ಲೋಳು ನಿಮ್ಮ ಬೀದಿನಾಗೇ ಅವಳೆ. ನಿನಗೆ ಕೇಳೋಕೆ ಬಾಯಿಲ್ಲ, ಅಷ್ಟೇಯ."

ತಿಪ್ಪಮ್ಮ. ಓಬಳಮ್ಮ ಆ ಮನೆ ಬಿಟ್ಟು ಬಂದ ಮೇಲೆ ವೆಂಕಟಪ್ಪನ ಮಗ್ಗ ಸ್ವಲ್ಪ ದಿನ ನಿಂತಿತ್ತು, ಆಮೇಲೆ ತಡವರಿಸುತ್ತ ನಡೆಯಿತು, ಈಚೆಗೆ ಒಂದು ಹದಕ್ಕೆ ಬಂದಿತ್ತು. ಅದೆಲ್ಲ ಬೀದಿಯ ಕೊನೆಗೆ ಕೇಳುತ್ತಲೇ ಇತ್ತು. ಕೇಳುತ್ತಿದ್ದರೂ ಆ ಸದ್ದಿನಲ್ಲಿ ಒಬ್ಬಳು ಕೂತಿದ್ದಾಳೆಂದು ಓಬಳಮ್ಮ ಯೋಚಿಸಿರಲಿಲ್ಲ.

ಬಾವಿಯ ಬಳಿ ತಿಪ್ಪಮ್ಮ ಸಿಕ್ಕಳು. ಹೊಟ್ಟೆ ಮುಂದೆ ಬಂದಿತ್ತು, ದಿನ ತುಂಬುತ್ತಿತ್ತು. ಬೇರೆ ಹೆಂಗಸರು ಕೊಡ ಎತ್ತಿಕೊಂಡು ಸರಿದರು.

"ತಿಪ್ಪಮ್ಮಾ, ಹೊತ್ತಿಳಿದ ಮೇಲೆ ಒಂದಿಷ್ಟು ನನ್ನ ಅಂಚಿಗೆ ಕೂರ್ತೀಯಾ?"

ತಿಪ್ಪಮ್ಮ ಹಗ್ಗ ಎಳೆಯುವುದನ್ನು ನಿಲ್ಲಿಸಲಿಲ್ಲ. ಕೊಡ ಮೇಲೆ ಬಂತು. ಅದನ್ನು ಕಟ್ಟೆಯ ಮೇಲಿಟ್ಟು, ಎರಡೂ ಅಂಗೈ ಬಿಡಿಸಿ ತೋರಿಸಿದಳು. ಬೂದಿಯ ಒಡಕು, ಒಡಕಿನಲ್ಲಿ ಹರಳೆಣ್ಣೆಯ ಜಿಡ್ಡು. ಓಬಳಮ್ಮನಿಗೆ ತನ್ನದೇ ಕೈ ಅನಿಸಿತು.

"ನೀನು ಹೋದೆ ಅಕ್ಕ. ನಿನ್ನ ಕೆಲಸ ಹೋಗಲಿಲ್ಲ," ಎಂದಳು ತಿಪ್ಪಮ್ಮ. "ಅದು ಅಲ್ಲೇ ಇತ್ತು. ನಾನು ಎತ್ಕೊಂಡೆ. ಕಸ, ನೀರು, ಮುಸುರೆ, ಅಡಿಗೆ, ಮಗ್ಗ. ರಾತ್ರಿ ಮಕ್ಕಳು. ಹೋಗೋ ದಿನ ಒಂದು ಮಾತು ನನಗೆ ಹೇಳಿದ್ಯಾ? ಅವರಿಗೆ ಹೇಳದಿದ್ರೆ ಬೇಡ. ನನಗೆ?"

ಓಬಳಮ್ಮ ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದೂ ಇರಲಿಲ್ಲ. ಅಷ್ಟು ವರ್ಷ ಒಂದೇ ಒಲೆಯ ಅನ್ನ ಉಂಡಿದ್ದರೂ ತಿಪ್ಪಮ್ಮ ಅವಳಿಗೆ ಮನೆಯ ಒಂದು ಮೂಲೆಯಾಗಿದ್ದಳು, ಮಾತಾಡಿಸಬೇಕಾದ ಮನುಷ್ಯಳಾಗಿರಲಿಲ್ಲ. ತನ್ನನ್ನು ಬರೀ ಕೈ ಎಂದು ಎಣಿಸಿದರೆಂದು ಮನೆ ಬಿಟ್ಟು ಬಂದಿದ್ದವಳು ಓಬಳಮ್ಮ.

ಆ ದಿನಗಳಲ್ಲಿ ಅವಳು ಮಗ್ಗ ಮುಟ್ಟಲಿಲ್ಲ. ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿರುತ್ತಿದ್ದಳು. ಹಸಿರು ಹಾಸು ಹಾಗೇ ಚಾಚಿಕೊಂಡಿತ್ತು.

ಒಂದು ಬೆಳಗ್ಗೆ ವೆಂಕಟಪ್ಪ ಬಂದು ಬಾಗಿಲ ಹೊರಗೆ ನಿಂತ. ತಿಪ್ಪಮ್ಮನಿಗೆ ಹೆರಿಗೆಯಾಗಿತ್ತು, ಹೆಣ್ಣು. ತವರಲ್ಲಿ ತಾಯಿಯಿಲ್ಲ, ಬಾಣಂತನಕ್ಕೆ ಯಾರೂ ಇಲ್ಲ, ರಕ್ತ ನಿಲ್ಲುತ್ತಿಲ್ಲ.

"ಮನೆಗೆ ಬಾ ವದಿನಾ. ಆದದ್ದು ಆಯ್ತು. ಯಜಮಾನ್ರಿಗೆ ನಾನು ಹೇಳ್ತೀನಿ."

"ಮನೆಗೆ ಬರಲ್ಲ," ಎಂದಳು ಓಬಳಮ್ಮ ಎದ್ದು ಸೆರಗು ಸಿಕ್ಕಿಸಿಕೊಳ್ಳುತ್ತ. "ತಿಪ್ಪಮ್ಮನ ಹತ್ರ ಬರ್ತೀನಿ."

ಅವನಿಗೆ ಎರಡಕ್ಕೂ ಏನು ವ್ಯತ್ಯಾಸವೆಂದು ತಿಳಿಯಲಿಲ್ಲ.

ಅವಳು ಹಿತ್ತಲ ಬಾಗಿಲಿನಿಂದ ಹೋಗಿ ಹಿತ್ತಲ ಬಾಗಿಲಿನಿಂದಲೇ ಬರುತ್ತಿದ್ದಳು. ಕಾಯಿಸಿದ ನೀರು ಹುಯ್ದಳು, ಹೊಟ್ಟೆಗೆ ಬಟ್ಟೆ ಬಿಗಿದಳು, ಮೆಣಸಿನ ಸಾರು ಕುಡಿಸಿದಳು, ರಕ್ತದ ಬಟ್ಟೆ ಒಗೆದಳು, ಇದ್ದಿಲ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಹೊಗೆ ಹಿಡಿದಳು. ಹಿರಿಯ ಮಕ್ಕಳಿಗೆ ಮುದ್ದೆ ಕಟ್ಟಿಟ್ಟಳು. ತಾನು ಮಾತ್ರ ಅಲ್ಲಿ ಒಂದು ತುತ್ತೂ ಉಣ್ಣಲಿಲ್ಲ. ಕೆಲವು ರಾತ್ರಿ ತಿಪ್ಪಮ್ಮನ ಮೈ ಹೆಂಚಿನಂತೆ ಸುಡುತ್ತಿತ್ತು. ಆಗ ಅವಳು ಓಬಳಮ್ಮನ ಮಣಿಕಟ್ಟು ಹಿಡಿದು ಬಿಡುತ್ತಿರಲಿಲ್ಲ. ಮದ್ದು ಬೇಕೆಂದಲ್ಲ, ನೀರು ಬೇಕೆಂದಲ್ಲ. ಒಂದು ಮಣಿಕಟ್ಟು ಬೇಕಾಗಿತ್ತು. ಗಂಡ ಸಾಯುವಾಗ ಪ್ಲೇಗಿನ ಗುಡಿಸಲಿನಲ್ಲಿ ತನ್ನನ್ನು ಹತ್ತಿರ ಬಿಟ್ಟಿರಲಿಲ್ಲ ಎಂಬುದು ಓಬಳಮ್ಮನಿಗೆ ನೆನಪಾಯಿತು. ಅವನು ಏನನ್ನು ಹಿಡಿದುಕೊಂಡು ಹೋದನೋ.

ಇತ್ತ ಅಂಚಿನ ಕೈ ಇಲ್ಲದೆ ವೆಂಕಟಪ್ಪನ ಮಗ್ಗ ನಿಂತಿತ್ತು. ಅವನು ಒಳಬಾಗಿಲಿಗೆ ಬಂದು ನಿಲ್ಲುತ್ತಿದ್ದ.

"ಹೆಂಗೂ ಬಂದಿದ್ದೀಯಲ್ಲ ವದಿನಾ, ಮಗು ಮಲಗಿದಾಗ ಒಂದು ಗಳಿಗೆ ಅಂಚಿಗೆ…"

"ಬಾಣಂತನಕ್ಕೆ ಬಂದಿದ್ದೀನಿ ವೆಂಕಟಪ್ಪಾ. ಮಗ್ಗಕ್ಕಲ್ಲ."

ಜ್ವರ ಇಳಿದು ತಿಪ್ಪಮ್ಮ ಎದ್ದು ಕೂರುವಂತಾದಾಗ ಕೇಳಿದಳು: "ನಿನಗೆ ನಾನೇನು ಕೊಡ್ಲಿ ಅಕ್ಕ? ಉಂಡೂ ಇಲ್ಲ ನೀನು."

"ಮುಯ್ಯಿ ಕೊಡು."

"ಮನೆಯೋರ ನಡುವೆ ಮುಯ್ಯಾ?"

"ಮನೆಯೋರ ನಡುವೆ ಇಲ್ಲ ಅಂತಾನೇ ನಾವಿಬ್ರೂ ಹಿಂಗಾಗಿದ್ದು."

ತಿಪ್ಪಮ್ಮ ಮಗುವನ್ನು ಈ ಮೊಲೆಯಿಂದ ಆ ಮೊಲೆಗೆ ಬದಲಿಸಿಕೊಂಡಳು. ಬರ್ತೀನಿ ಎನ್ನಲಿಲ್ಲ, ಬರಲ್ಲ ಎನ್ನಲಿಲ್ಲ.

ಆದರೆ ಬಂದಳು. ಬಾಣಂತಿ ನೀರು ಮುಗಿದು, ಗಂಡನ ಮಗ್ಗದ ಬಲಗಡೆ ಮತ್ತೆ ಕೂತು ಸ್ವಲ್ಪ ದಿನವಾದ ಮೇಲೆ, ಒಂದು ಮಧ್ಯಾಹ್ನ ಅರ್ಧದಲ್ಲಿ ಎದ್ದು, ಮಗುವನ್ನು ಸೊಂಟಕ್ಕೇರಿಸಿಕೊಂಡು, ಬೀದಿಯ ನಡುವೆ ನಡೆದು ಬಂದಳು. ಹಿತ್ತಲಿನಿಂದ ಕದ್ದು ಬರಲಿಲ್ಲ. ವೆಂಕಟಪ್ಪನ ಮಗ್ಗ ನಿಂತದ್ದು ಬೀದಿಗೆಲ್ಲ ಕೇಳಿತು. ಒಂದೊಂದೇ ಮಗ್ಗ ನಿಂತವು, ಏನಾಯಿತೆಂದು ಕೇಳುವುದಕ್ಕೆ. ಆ ಮೌನದಲ್ಲಿ ಕೊನೆಯ ಮನೆಯಿಂದ ಒಂದು ಬಡಿತ ಕೇಳಿತು. ಆಮೇಲೆ ಉಸಿರು ಹಿಡಿದ ಹಾಗೆ ಒಂದು ತೆರಪು. ಮತ್ತೆ ಬಡಿತ. ಬೀದಿಗೆ ಅರ್ಥವಾಯಿತು.

ಮರುದಿನ ತಿಪ್ಪಮ್ಮನ ಕೆನ್ನೆ ಊದಿತ್ತು. ಓಬಳಮ್ಮ ನೋಡಿ ಲಾಳಿ ಕೆಳಗಿಟ್ಟಳು.

"ಕೈಗೆ ಹೊಡೀಲಿಲ್ಲ," ಎಂದಳು ತಿಪ್ಪಮ್ಮ. "ಕೈ ಬೇಕಲ್ಲ. ನಾಳೆಯಿಂದ ನಿಮ್ಮ ಅಂಚಿಗೆ ಕೂರಲ್ಲ ಅಂದೆ. ಆಮೇಲೆ ಸುಮ್ಮನಾದ್ರು. ನೀನು ಎಸಿ."

ಹೀಗೆ ನಡೆಯಿತು. ಬೆಳಗ್ಗೆ ಅಲ್ಲಿ, ಹೊತ್ತು ವಾಲಿದ ಮೇಲೆ ಇಲ್ಲಿ. ತಿಪ್ಪಮ್ಮನ ಕೈ ವೆಂಕಟಪ್ಪನ ಬಿಗಿಗೆ ಕಲಿತ ಕೈ, ಓಬಳಮ್ಮನ ಬಿಗಿ ಅದಕ್ಕಿಂತ ಚೂರು ಮೃದು. ಅಂಚು ಅಲ್ಲಲ್ಲಿ ಎಳೆದುಕೊಳ್ಳುತ್ತಿತ್ತು. ಜಂಬುಲಿಂಗಪ್ಪನ ಗಾಡಿಯ ದಿನ ಹತ್ತಿರವಾಗುತ್ತಿತ್ತು, ಸೀರೆ ಅರ್ಧವೂ ದಾಟಿರಲಿಲ್ಲ. ಮಗು ತೊಟ್ಟಿಲಿಲ್ಲದೆ ನೆಲದ ಮೇಲೆ ಅಳುತ್ತಿತ್ತು. ತಿಪ್ಪಮ್ಮ ಒಂದು ಎಸೆತ ತಪ್ಪಿಸಿದಳು. ಇನ್ನೊಂದು ತಪ್ಪಿಸಿದಳು.

"ಕೈ ಎತ್ತು, ಬೇಗ!" ಎಂದಳು ಓಬಳಮ್ಮ. "ಎಷ್ಟು ಸಲ ಹೇಳೋದು? ಕೈ ಸರಿಯಾಗಿ ಇಟ್ಕೋ. ಅಷ್ಟೇ ತಾನೇ ನಾನು ಕೇಳೋದು?"

ಆ ಮಾತು ಬಾಯಿಂದ ಹೊರಬಿದ್ದಾಗ ಅದರ ದನಿ ಯಾರದೆಂದು ಇಬ್ಬರಿಗೂ ಗೊತ್ತಾಯಿತು.

ತಿಪ್ಪಮ್ಮ ಅಂಚಿನ ಲಾಳಿಯನ್ನು ಎಳೆಗಳ ಮೇಲೆ ನಿಧಾನವಾಗಿ ಇಟ್ಟಳು. ಮಗುವನ್ನು ಎತ್ತಿಕೊಂಡಳು. "ಇದೇ ಮಾತು ಕೇಳೋಕೆ ಬೀದಿಯ ಈ ಕೊನೆಗೆ ಬರಬೇಕಿತ್ತಾ ಅಕ್ಕ? ಅಲ್ಲೇ ಸಿಗ್ತಿತ್ತಲ್ಲ," ಎಂದು ಹೊರಟುಹೋದಳು.

ಓಬಳಮ್ಮ ಗುಂಡಿಯಲ್ಲೇ ಕೂತಿದ್ದಳು. ಅಲ್ಲಿಂದ ಬಲಕ್ಕೆ ನೋಡಿದರೆ ಏನು ಕಾಣುತ್ತದೆಂದು ಅವಳು ಮೊದಲ ಸಲ ಗಮನವಿಟ್ಟು ನೋಡಿದಳು. ಎಳೆಗಳು, ಅವನ್ನು ಬಡಿಯುವ ಹಣಿಗೆ, ಅದರ ಆಚೆ ಕೂತವಳ ಮೊಣಕೈವರೆಗಿನ ಕೈ. ಗುಂಡಿಗೆ ಇಳಿದವರ ಕಣ್ಣು ಹಾಸಿನ ಮಟ್ಟಕ್ಕೆ ಇರುತ್ತದೆ. ಅಲ್ಲಿಂದ ಅಂಚಿನವಳ ಮುಖ ಕಾಣುವುದಿಲ್ಲ. ಕಾಣಬೇಕಾದರೆ ಕೆಲಸ ನಿಲ್ಲಿಸಿ ತಲೆ ಎತ್ತಬೇಕು. ವೆಂಕಟಪ್ಪ ಎಂದೂ ಎತ್ತಿರಲಿಲ್ಲ. ಅವಳೂ ಎತ್ತಿರಲಿಲ್ಲ. ಅವನನ್ನು ಕೆಟ್ಟವನೆಂದು ಬೈದುಕೊಂಡೇ ಇಷ್ಟು ದಿನ ಕಳೆದಿದ್ದಳು. ಕೆಟ್ಟತನಕ್ಕೆ ಗುಂಡಿಯಷ್ಟು ಆಳದ ಒಂದು ಜಾಗ ಸಾಕಾಗಿತ್ತು.

ತಿಪ್ಪಮ್ಮ ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಬೀದಿಯ ನಡುವಿನಿಂದ ವೆಂಕಟಪ್ಪನ ಮಗ್ಗದ ಸದ್ದು ಬೆಳಗಿನಿಂದ ಸಂಜೆಯವರೆಗೆ ಬಿಡದೆ ಬರುತ್ತಿತ್ತು. ಈಗ ಓಬಳಮ್ಮನಿಗೆ ಆ ಸದ್ದಿನೊಳಗೆ ಮಗುವಿನ ಅಳು, ಸುಡುವ ಬೆನ್ನು, ಹಾಲು ಕಟ್ಟಿದ ಎದೆ ಎಲ್ಲ ಕೇಳುತ್ತಿತ್ತು. ಕೇಳಿಸಿಕೊಂಡು ಕೂರಲಾಗಲಿಲ್ಲ.

ಅವಳು ಆ ಮನೆಯ ಹಿತ್ತಲಿಗೆ ಹೋದಳು. ತಿಪ್ಪಮ್ಮ ಮುಸುರೆಯ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದಳು. ಓಬಳಮ್ಮ ಎದುರಿಗೆ ಕೂತು, ತೆಂಗಿನ ನಾರಿಗೆ ಬೂದಿ ಅದ್ದಿ, ಒಂದು ಗಡಿಗೆ ಎಳೆದುಕೊಂಡು ತಿಕ್ಕತೊಡಗಿದಳು.

"ರೇಷ್ಮೆ ಮುಟ್ಟೋ ಕೈ ಅಕ್ಕ, ಒಡೀತದೆ," ಎಂದಳು ತಿಪ್ಪಮ್ಮ, ಮುಖ ಎತ್ತದೆ.

"ಒಡೀಲಿ. ನಿನ್ನದು ಒಡೆದಿಲ್ವಾ?"

ಗಡಿಗೆ ಮುಗಿಯಿತು, ಬಾನಿ ಮುಗಿಯಿತು. ಓಬಳಮ್ಮನಿಗೆ ತಪ್ಪಾಯಿತು ಎಂದು ಹೇಳುವುದಕ್ಕೆ ನಾಲಿಗೆ ತಿರುಗಲಿಲ್ಲ. ಆ ಮನೆಗಳಲ್ಲಿ ಆ ಮಾತನ್ನು ಯಾರೂ ಯಾರಿಗೂ ಹೇಳಿದ್ದನ್ನು ಅವಳು ಕೇಳಿರಲಿಲ್ಲ. ಕೊನೆಯ ತಟ್ಟೆ ತೊಳೆದಿಟ್ಟು ಅಂದಳು: "ನಾಳೆ ಬಾ. ನೀನು ಗುಂಡಿಗೆ ಇಳಿ. ನಾನು ಅಂಚಿಗೆ ಕೂರ್ತೀನಿ."

ತಿಪ್ಪಮ್ಮ ಈಗ ತಲೆ ಎತ್ತಿದಳು. "ನಾನಾ? ಗುಂಡಿಗಾ? ಮುತ್ತೈದೆ ಇಳಿದ್ರೆ ಗಂಡನ ಆಯುಸ್ಸು…"

"ನಿನ್ನ ಗಂಡನಿಗೆ ಗಡಿಗೆಯಂಥ ಆಯುಸ್ಸು ಐತೆ. ಇಷ್ಟು ತಿಕ್ಕಿದ್ರೂ ಸವೆಯಲ್ಲ."

ತಿಪ್ಪಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಓಬಳಮ್ಮನಿಗೆ ಗೊತ್ತಾಗಲಿಲ್ಲ.

ಮರುದಿನ ತಿಪ್ಪಮ್ಮ ಗುಂಡಿಗೆ ಇಳಿಯುವಾಗ ಬಾವಿಗೆ ಇಳಿಯುವವಳ ಹಾಗೆ ಎರಡೂ ಕಡೆ ಹಿಡಿದುಕೊಂಡಳು. ತುಳಿಯುವ ಕೋಲು ಅವಳ ಪಾದಕ್ಕೆ ಸಿಗಲಿಲ್ಲ. ಸಿಕ್ಕಾಗ ತಪ್ಪು ಕೋಲು ತುಳಿದಳು. ಲಾಳಿ ಎಸೆದರೆ ಅದು ನಡುವೆಯೇ ನಿಂತಿತು. ಓಬಳಮ್ಮ ಬಲಗಡೆ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಅಂಚಿನ ಲಾಳಿ ಹಿಡಿದು ಕಾದಳು. ಬಾಯಿಗೆ ಮಾತು ಬರುತ್ತಿತ್ತು, ನುಂಗಿದಳು. ಗಾಡಿಯ ದಿನ ನೆನಪಾಗುತ್ತಿತ್ತು, ಅದನ್ನೂ ನುಂಗಿದಳು. ಒಂದು ಗೇಣು ಬಟ್ಟೆ ಆಗುವಷ್ಟರಲ್ಲಿ ಹೊತ್ತು ಮುಳುಗಿತ್ತು. ಆ ಒಂದು ಗೇಣು ಸಡಿಲ, ಅಂಚು ಹಾವಿನಂತೆ ಡೊಂಕು. ಬಿಚ್ಚೋಣವೇ ಎಂದು ತಿಪ್ಪಮ್ಮ ಕೇಳಿದಳು. ಬಿಚ್ಚಬೇಕಾಗಿತ್ತು. ಓಬಳಮ್ಮ ಬೇಡ ಎಂದಳು.

ಆಮೇಲೆ ಗುಂಡಿಯಲ್ಲಿ ಹೆಚ್ಚು ಓಬಳಮ್ಮ, ಕೆಲವೊಮ್ಮೆ ತಿಪ್ಪಮ್ಮ. ತಲೆ ಎತ್ತಿ ನೋಡುವುದನ್ನು ಓಬಳಮ್ಮ ರೂಢಿ ಮಾಡಿಕೊಂಡಳು. ಮರೆತು ಬೈದ ದಿನಗಳೂ ಇದ್ದವು. ತಿಪ್ಪಮ್ಮನ ಹಿರಿಯ ಮಕ್ಕಳು ಹೊತ್ತಿಳಿದ ಮೇಲೆ ಇಲ್ಲಿಗೇ ಉಣ್ಣಲು ಬರುತ್ತಿದ್ದವು, ಓಬಳಮ್ಮ ಮುದ್ದೆ ಹಾಕುತ್ತಿದ್ದಳು. ಬಿಟ್ಟು ಬಂದಿದ್ದ ಮುಸುರೆ ಅವಳ ಬಾಗಿಲಿಗೆ ತಾನೇ ನಡೆದು ಬಂದಿತ್ತು. ಆದರೆ ಈಗ ತಿಕ್ಕುವಾಗ ಎದುರಿಗೆ ಒಬ್ಬಳು ಕೂತಿರುತ್ತಿದ್ದಳು. ಅದು ದೊಡ್ಡ ಸುಖವೇನಲ್ಲ. ಅದಿಲ್ಲದೆ ಇದ್ದ ತಿಂಗಳುಗಳಿಗೆ ಮಾತ್ರ ಮರಳಲು ಓಬಳಮ್ಮ ಒಪ್ಪುತ್ತಿರಲಿಲ್ಲ.

ಗಾಡಿ ಬಂದಾಗ ಸೀರೆ ಮಗ್ಗದಿಂದ ಇಳಿದು ಜಗಲಿಯ ಮೇಲಿತ್ತು. ಜಂಬುಲಿಂಗಪ್ಪ ಬಿಡಿಸಿದ. ಹಸಿರು ಒಡಲು, ಕೆಂಪು ಅಂಚು. ಹೆಬ್ಬೆರಳು ಸರಿಯುತ್ತ ಬಂದು ಒಂದು ಕಡೆ ನಿಂತಿತು.

"ಇದೇನಿದು, ಇಲ್ಲಿ ಒಂದು ಗೇಣು? ಇದು ನಿನ್ನ ಕೈ ಅಲ್ಲ."

ಓಬಳಮ್ಮ ಜ್ವರ ಬಂದಿತ್ತು ಅನ್ನಬಹುದಾಗಿತ್ತು. ಸೂರಮ್ಮ ಕೂತಿದ್ದಳು ಅನ್ನಬಹುದಾಗಿತ್ತು.

"ತಿಪ್ಪಮ್ಮನ ಕೈ," ಎಂದಳು. "ನಮ್ಮ ವೆಂಕಟಪ್ಪನ ಮನೆಯವಳು. ಗುಂಡಿಯಾಗೆ ಅವಳು ಕೂತಿದ್ಲು. ಇನ್ನೂ ಕಲೀತಾ ಅವಳೆ."

ಸಾವ್ಕಾರ ಅವಳ ಮುಖ ನೋಡಿದ, ಬಾಗಿಲ ಮರೆಯಲ್ಲಿ ಮಗು ಎತ್ತಿಕೊಂಡು ನಿಂತಿದ್ದವಳನ್ನು ನೋಡಿದ. "ಎರಡು ಹೆಂಗಸು ಸೇರಿ ನನ್ನ ನೂಲು ಹಾಳು ಮಾಡ್ತಿದ್ದೀರಿ," ಎಂದು ಗೊಣಗಿದ. ಈ ಗೇಣು ನೆರಿಗೆಯ ಒಳಗೆ ಹೋಗುತ್ತದೋ ಎಂದು ಮಡಿಸಿ ನೋಡಿದ. ಹೋಗುತ್ತಿತ್ತು. ಕೂಲಿಯಲ್ಲಿ ಮುರಿದುಕೊಳ್ಳುತ್ತೇನೆಂದು ಖಂಡಿತವಾಗಿ ಹೇಳಿ, ಇನ್ನೊಂದು ಸೀರೆಯ ನೂಲನ್ನು ಜಗಲಿಯ ಮೇಲೆ ಎಸೆದು ಗಾಡಿ ಹತ್ತಿದ.

ಗಾಡಿ ಬೀದಿ ದಾಟಿದ ಮೇಲೆ ತಿಪ್ಪಮ್ಮ ಬಾಗಿಲ ಮರೆಯಿಂದ ಹೊರಗೆ ಬಂದಳು.

"ನನ್ನ ಕೈ ಅಂದ್ಯಲ್ಲ ಅಕ್ಕ," ಎಂದಳು. "ಇಷ್ಟು ಸೀರೆಗೆ ಅಂಚು ಎಸೆದಿದ್ದೀನಿ, ಯಾರೂ ನನ್ನ ಹೆಸರು ಹೇಳಿರಲಿಲ್ಲ. ತಪ್ಪಿಗಾದ್ರೂ ಬಂತು."

ಬೀದಿಯ ನಡುವಿನಿಂದ ವೆಂಕಟಪ್ಪ ಕೆಮ್ಮಿದ್ದು ಕೇಳಿತು. ಮಗ್ಗ ನಿಂತಿತ್ತು, ಕಾಯುತ್ತಿದ್ದ. ತಿಪ್ಪಮ್ಮ ಮಗುವನ್ನು ಓಬಳಮ್ಮನ ಕೈಗೆ ಕೊಟ್ಟು, ಸಂಜೆ ಬಂದು ಎತ್ಕೊಂಡು ಹೋಗ್ತೀನಿ ಎಂದು ಆ ಕಡೆ ನಡೆದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಬಡಿತ ಶುರುವಾಯಿತು, ನಡುವೆ ಆ ಚೂರು ತೆರಪು. ಓಬಳಮ್ಮ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಂಡಿಕೆ ಸುತ್ತಲು ಕೂತಳು. ಪ್ರತಿ ತೆರಪಿಗೂ ಅವಳ ಬಲಗೈ ತಾನಾಗಿ ಒಂದಿಷ್ಟು ಮೇಲೇಳುತ್ತಿತ್ತು.